ದುರ್ಗನ ಮೊದಲ ಎಡೆ

ಹೊಳೆದಂಡೆಯ ಕೇರಿಯಲ್ಲಿ ಹೊಸ ಅಕ್ಕಿಯ ಅನ್ನವನ್ನು ಮೊದಲು ಸತ್ತವರಿಗೆ ಬಡಿಸುತ್ತಾರೆ. ಆ ವರ್ಷ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಅವರು ಕೊನೆಗೆ ದುಡಿದ ಗದ್ದೆಯ ಅಕ್ಕಿಯೇ ಆಗಬೇಕು. ಅದನ್ನು ಬೇಯಿಸಿ ಬಾಳೆ ಎಲೆಯ ಮೇಲೆ ಇಟ್ಟು ಸತ್ತವರ ಹೆಸರು ಹಿಡಿದು ಮೂರು ಸಲ ಕರೆಯುತ್ತಾರೆ. ಗದ್ದೆಯ ಒಡೆಯನೂ ಬಂದು ನಿಂತು ಒಂದು ಸಲ ಕರೆಯಬೇಕು. ಇವನು ನನ್ನ ಗದ್ದೆಯಲ್ಲಿ ದುಡಿದವನು ಎಂದು ದೇವರೆದುರು ಒಪ್ಪಿಕೊಂಡ ಹಾಗೆ ಅದು. ಉಳಿದವರ ಊಟ ಆಮೇಲೆ. ಅದಕ್ಕೆ ಮುಂಚೆ ಯಾರಾದರೂ ಒಂದು ಅಗುಳು ಬಾಯಿಗೆ ಹಾಕಿದರೂ ಅನ್ನ ಎಂಜಲಾಯಿತು. ಎಂಜಲನ್ನು ಸತ್ತವರು ಮುಟ್ಟುವುದಿಲ್ಲ.

ಗಂಗಿಗೆ ಬೇಕಾಗಿದ್ದದ್ದು ಅಂಥ ಒಂದು ಎಡೆ. ಅವಳ ಮಗ ದುರ್ಗ ಸತ್ತು ಮೂರು ತಿಂಗಳಾಗಿತ್ತು. ಅವನು ಸತ್ತದ್ದು ಪ್ರಕಾಶ ಒಡೇರ ಗದ್ದೆಯಲ್ಲಿ.

ಪ್ರಕಾಶನ ಗದ್ದೆ ಮಿರ್ಜಾನದ ಕೆಳಗೆ ಅಘನಾಶಿನಿಯ ಅಂಚಿಗೆ ಇದೆ. ಉಪ್ಪುನೀರಿನ ನೆಲ. ಅಲ್ಲಿ ಕಗ್ಗ ಎಂಬ ಕೆಂಪು ಭತ್ತ ಬಿಟ್ಟರೆ ಬೇರೆ ಬೆಳೆಯುವುದಿಲ್ಲ. ಹೊಳೆಗೂ ಗದ್ದೆಗೂ ನಡುವೆ ಮಣ್ಣಿನ ಕಟ್ಟೆ. ಕಟ್ಟೆಯಲ್ಲಿ ನೀರು ತಡೆಯಲು ಹಲಗೆಯ ಬಾಗಿಲು. ಅದಕ್ಕೆ ಜಂತ್ರಡಿ ಎನ್ನುತ್ತಾರೆ. ಅದನ್ನು ಎತ್ತುವುದು, ಇಳಿಸುವುದು, ನೀರಲ್ಲಿ ಮುಳುಗಿ ಹಲಗೆಯನ್ನು ಕಾಲಿನಿಂದ ಒತ್ತಿ ಕೂರಿಸುವುದು ದುರ್ಗನ ಕೆಲಸ. ಅವನ ಅಪ್ಪ ಮಾಸ್ತಿಯ ಕೆಲಸವೂ ಅದೇ ಆಗಿತ್ತು.

ಮೊದಲೆಲ್ಲ ಕಗ್ಗದ ಅನ್ನವನ್ನು ಒಡೇರ ಮನೆಯಲ್ಲಿ ಉಣ್ಣುತ್ತಿರಲಿಲ್ಲ. ಅದು ಕೇರಿಯವರ ಗಂಜಿಯ ಅಕ್ಕಿ. ಪ್ರಕಾಶ ಗೋವೆಯ ದೊಡ್ಡ ಹೋಟೆಲುಗಳಲ್ಲಿ ಇದ್ದು ಬಂದವನು. ಊರಿಗೆ ಬಂದವನೇ ಅಜ್ಜನ ಮನೆಯ ಗೋಡೆ ಒಡೆದು, ಗಾಜು ಕೂರಿಸಿ, ‘ಕಾಂಡ್ಲಾ’ ಎಂದು ಹೊಳೆಯಂಚಿನ ಗಿಡದ ಹೆಸರಿಟ್ಟು ರೆಸ್ಟೋರೆಂಟ್ ತೆರೆದ. ಊರಿನದೇ ಅಕ್ಕಿ, ಊರಿನದೇ ಏಡಿ, ರಾಸಾಯನಿಕ ಗೊಬ್ಬರದ ಸೋಂಕಿಲ್ಲದ ಸಾವಯವ ಊಟ. ಕುಮಟೆಯಿಂದ, ಹೊನ್ನಾವರದಿಂದ, ಭಟ್ಕಳದ ದೊಡ್ಡ ಮನೆಗಳಿಂದ ಕಾರುಗಳು ಬಂದವು. ಒಂದು ವಾರ ಮೊದಲೇ ಹೇಳಿಡದಿದ್ದರೆ ಕುರ್ಚಿ ಸಿಗುತ್ತಿರಲಿಲ್ಲ.

“ನಮ್ಮ ಗಂಜಿಗೆ ಗಾಜಿನ ಮನೆ ಕಟ್ಸಿದ ನೋಡು,” ಎಂದು ಪಕ್ಕದ ಮನೆಯ ಕಾಳಿ ನಗುತ್ತಿದ್ದಳು. “ನಾವು ಉಂಡ್ರೆ ಬಡತನ, ಅವ್ರು ಉಂಡ್ರೆ ಆರೋಗ್ಯ.”

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಮಳೆನೀರೂ ಕಡಲಿನ ಭರತದ ನೀರೂ ಒಟ್ಟಿಗೆ ಬಂದವು. ಜಂತ್ರಡಿಯ ಒಂದು ಹಲಗೆ ಎದ್ದುಹೋಗಿ ಹೊಳೆ ಗದ್ದೆಗೆ ನುಗ್ಗುತ್ತಿತ್ತು. ದುರ್ಗ ಕಟ್ಟೆಯ ಮೇಲೆ ನಿಂತು ನೀರು ನೋಡಿದ. ಗಂಗಿ ಅವನ ಹಿಂದೆ ಮಣ್ಣಿನ ಬುಟ್ಟಿ ಹೊತ್ತು ನಿಂತಿದ್ದಳು. ಪ್ರಕಾಶನ ಗದ್ದೆ ನೋಡಿಕೊಳ್ಳುವ ನಾಗರಾಜ ಕೊಡೆ ಹಿಡಿದು ನಿಂತಿದ್ದ.

“ಇಳಿತ ಬರ್ಲಿ,” ಎಂದ ದುರ್ಗ. “ಈಗ ಇಳಿದ್ರೆ ಎಳ್ಕೊಂಡು ಹೋಗ್ತದೆ. ಕಗ್ಗಕ್ಕೆ ಎಂತ ಆಗೂದಿಲ್ಲ. ಎಂಟು ದಿನ ನೀರಲ್ಲಿದ್ರೂ ಸಾಯೂದಿಲ್ಲ.”

ನಾಗರಾಜ ಫೋನು ಮಾಡಿ, ಮಳೆಯ ಸದ್ದಿಗೆ ಕೇಳಿಸಲಿ ಎಂದು ಸ್ಪೀಕರು ಹಾಕಿದ. ಪ್ರಕಾಶನ ದನಿ ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳಿತು. ಸಾವಯವದ ಸರ್ಟಿಫಿಕೇಟು ಕೊಡುವವರು ಮರುದಿನ ಗದ್ದೆ ನೋಡಲು ಬರುವವರಿದ್ದರು. ಗದ್ದೆ ಮುಳುಗಿದ್ದು ಅವರಿಗೆ ಕಾಣಬಾರದು ಎಂದ. ದುರ್ಗ ಹೇಳಿದ್ದನ್ನು ನಾಗರಾಜ ಹೇಳಿದ.

“ಇಳಿಸು ಅವನ್ನ,” ಎಂದ ಪ್ರಕಾಶ.

ದುರ್ಗ ಅಂಗಿ ಬಿಚ್ಚಿ ತಾಯಿಯ ಕೈಗೆ ಕೊಟ್ಟ. ಎರಡು ಸಲ ಮುಳುಗಿ ಎದ್ದ. ಮೂರನೆಯ ಸಲ ಹಲಗೆ ಜಾರಿತು. ಅವನ ಎದೆ ಹಲಗೆಗೂ ಕಲ್ಲಿನ ಕಂಬಕ್ಕೂ ನಡುವೆ ಸಿಕ್ಕಿಕೊಂಡಿತು. ಹಿಂದಿನಿಂದ ಹೊಳೆ ಒತ್ತುತ್ತಿತ್ತು. ಗಂಗಿ ಕಟ್ಟೆಯ ಮೇಲೆ ಬೋರಲಾಗಿ ಬಿದ್ದು ನೀರಿಗೆ ಕೈಹಾಕಿದಳು. ಸಿಕ್ಕಿದ್ದು ಕೂದಲು. ಹಿಡಿದೆಳೆದಳು. ಬರಲಿಲ್ಲ. ನೀರಿನ ಕೆಳಗೆ ಅವನ ಕೈ ಎರಡು ಸಲ ಅವಳ ಮಣಿಕಟ್ಟನ್ನು ಹಿಡಿಯಿತು. ಆಮೇಲೆ ಬಿಟ್ಟಿತು. ನಾಗರಾಜ ಕೊಡೆ ಬಿಸಾಡಿ ಓಡಿದ. ಭರತ ಇಳಿಯುವವರೆಗೆ, ಒಂದೂವರೆ ಗಂಟೆ, ಗಂಗಿ ಮಗನ ಕೂದಲು ಬಿಡಲಿಲ್ಲ. ಬಿಟ್ಟರೆ ಹೊಳೆ ಒಯ್ಯುತ್ತದೆಂದು ಅವಳಿಗೆ ಗೊತ್ತಿತ್ತು.

ಮೇಲೆ ತಂದಾಗ ಎದೆ ಒಳಗೆ ಹೋಗಿತ್ತು. ಬಾಯಲ್ಲಿ ಕೆಸರು ತುಂಬಿತ್ತು. ಕಗ್ಗಕ್ಕೆ ಏನೂ ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ಗಂಗಿ ಒಂದು ತಪ್ಪು ಮಾಡಿದಳು. ಹೆಣವನ್ನು ಕೊಯ್ಯಬೇಕು ಎಂದರು. ಕೊಯ್ದ ಒಡಲಿಗೆ ಎಡೆಯ ಅನ್ನ ನಿಲ್ಲುವುದಿಲ್ಲ ಎಂಬುದು ಕೇರಿಯವರ ನಂಬಿಕೆ. ಹೊಲಿದ ಹೊಟ್ಟೆಯಿಂದ ಸೋರಿಹೋಗುತ್ತದಂತೆ. ಅವಳು ನೆಲಕ್ಕೆ ಬಿದ್ದು ಅತ್ತಳು. ಸೊಸೆ ಕಲ್ಪನಾ, ಹತ್ತನೆಯ ತರಗತಿ ಓದಿದವಳು, ಕೊಯ್ಯಲಿ ಅತ್ತೆ, ಅವರು ನೋಡ್ಲಿ ಎಂದಳು. ಗಂಗಿ ಕೇಳಲಿಲ್ಲ. ಆಗ ಪ್ರಕಾಶ ಬಂದ. ಯಾರ ಹತ್ತಿರವೋ ಮಾತಾಡಿದ. ಎಲ್ಲೋ ಸಹಿ ಹಾಕಿದ. ಕೊಯ್ಯದೆ ಹೆಣ ಕೊಡಿಸಿದ. ಗಂಗಿ ಅವನ ಕಾಲು ಮುಟ್ಟಿದಳು. ಕೇರಿ ಕಾಯುವ ದೇವರು ಜಟಗನೇ ನಿಮ್ಮ ಮೈಯಲ್ಲಿ ಬಂದ ಎಂದಳು.

ಕಾರ್ತಿಕದಲ್ಲಿ ಅವಳೇ ಆ ಗದ್ದೆ ಕೊಯ್ದಳು. ಎದೆಮಟ್ಟದ ನೀರಲ್ಲಿ ನಿಂತು ತೆನೆ ಮಾತ್ರ ಕತ್ತರಿಸಬೇಕು. ಕೆಳಗೆ ಚಿಪ್ಪು ಕಾಲು ಕೊಯ್ಯುತ್ತದೆ. ಉಪ್ಪು ಗಾಯಕ್ಕೆ ಹತ್ತುತ್ತದೆ. ಹನ್ನೊಂದು ದಿನ ಕೊಯ್ದಳು. ಭತ್ತ ಬೇಯಿಸಿದಳು. ಒಣಗಿಸಿದಳು. ಒಂದು ಕಾಳನ್ನೂ ಸೆರಗಿಗೆ ಕಟ್ಟಲಿಲ್ಲ. ಒಡೇರು ಕೈಯಾರೆ ಕೊಟ್ಟ ಅಕ್ಕಿಯೇ ಎಡೆಗೆ ಆಗಬೇಕಿತ್ತು. ಕದ್ದದ್ದಾಗಬಾರದು.

ಅಷ್ಟರಲ್ಲಿ ಕಲ್ಪನಾ ವಿಧವಾ ವೇತನಕ್ಕೆಂದು ಕಚೇರಿಗೆ ಹೋಗಿ ಪೊಲೀಸರು ಬರೆದ ಒಂದು ಕಾಗದದ ಪ್ರತಿ ತಂದಳು. ಜಗುಲಿಯಲ್ಲಿ ನಿಂತೇ ಓದಿದಳು. ದುರ್ಗ ಎಂಬವನು ಕುಡಿದ ಅಮಲಿನಲ್ಲಿ, ಖಾಸಗಿ ಗದ್ದೆಯೊಳಗೆ ಏಡಿ ಕದಿಯಲು ಇಳಿದು, ಕಾಲು ಜಾರಿ ನೀರಲ್ಲಿ ಮುಳುಗಿ ಸತ್ತನು. ಕೆಳಗೆ ಸಾಕ್ಷಿ ನಾಗರಾಜನ ಸಹಿ.

ಗಂಗಿ ಮತ್ತೊಮ್ಮೆ ಓದಿಸಿದಳು. ಎದೆಯ ವಿಷಯ ಬರೆದಿದ್ದಾರಾ ಎಂದು ಕೇಳಿದಳು.

“ಎದೆ ಯಾರು ನೋಡಿದ್ರು ಅತ್ತೆ?” ಎಂದಳು ಕಲ್ಪನಾ. “ನಾವೇ ಹೂತು ಬಂದ್ವಲ್ಲ.”

ಅವಳು ಬೈಯಲಿಲ್ಲ. ಅಷ್ಟೇ ಹೇಳಿ ಒಳಗೆ ಹೋದಳು. ಗಂಗಿ ಅಂಗಳದ ಕಲ್ಲಿಗೆ ಹಣೆ ಬಡಿದುಕೊಂಡಳು. ಕಾಳಿ ಓಡಿಬಂದು ತಲೆ ಹಿಡಿದುಕೊಳ್ಳುವ ಹೊತ್ತಿಗೆ ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿದಿತ್ತು.

ಆ ರಕ್ತ ಒರೆಸಿಕೊಳ್ಳದೆಯೇ ಅವಳು ಪ್ರಕಾಶನ ಹತ್ತಿರ ಹೋದಳು. ಹಿತ್ತಿಲ ಬಾಗಿಲಲ್ಲಿ ನಿಂತಳು. ಕೇರಿಯವರಿಗೆ ಆ ಮನೆಗೆ ಇರುವುದು ಅದೊಂದೇ ಬಾಗಿಲು. ಗೋಡೆಗೆ ಗಾಜು ಬಂದ ಮೇಲೂ ಅದು ಬದಲಾಗಿರಲಿಲ್ಲ. ಪ್ರಕಾಶ ಬೇಸರದಿಂದಲೇ ಮಾತಾಡಿದ. ಪೊಲೀಸರು ಏನೇನೋ ಬರೆದುಕೊಳ್ಳುತ್ತಾರೆ, ಅದನ್ನು ಈಗ ಎಳೆದರೆ ಎಲ್ಲರಿಗೂ ತೊಂದರೆ ಎಂದ. ದುರ್ಗ ಎಂಥವನೆಂದು ತನಗೆ ಗೊತ್ತಿಲ್ಲವೇ ಎಂದ. ಮುಂದಿನ ಭಾನುವಾರ ಮಧ್ಯಾಹ್ನ ‘ಕಾಂಡ್ಲಾ’ದಲ್ಲಿ ಹೊಸ ಅಕ್ಕಿಯ ಊಟವಿದೆ. ಅತಿಥಿಗಳೆದುರು ಒರಳಲ್ಲಿ ಭತ್ತ ಕುಟ್ಟಿ ತೋರಿಸಲು ಜನ ಬೇಕು. ಅವಳು ಬರಲಿ.

“ಎಡೆ?” ಎಂದಳು ಗಂಗಿ.

“ಆತು. ಮೊದಲ ಎಡೆ ದುರ್ಗನದೇ. ನಾನೇ ನಿಂತು ಕರೀತೆ. ಎಲ್ಲರ ಎದುರು.”

ಎಲ್ಲರ ಎದುರು. ಆ ಮಾತನ್ನು ಅವಳು ಮನೆಯವರೆಗೆ ಹೊತ್ತುಕೊಂಡು ಹೋದಳು. ಕಾಗದದಲ್ಲಿ ಕಳ್ಳನಾದರೆ ಆಗಲಿ. ದೊಡ್ಡವರೆಲ್ಲ ಕೂತಲ್ಲಿ ಒಡೇರ ಬಾಯಲ್ಲಿ ಅವನ ಹೆಸರು ಬಂದರೆ ಮಗ ಮತ್ತೆ ಮಗನಾಗುತ್ತಾನೆ.

ಭಾನುವಾರ ಅವಳು ಮಿಂದು, ಉಪವಾಸ ಹಿಡಿದು, ಮನೆಯ ಹಿಂದಿನ ಬಾಳೆಯ ಕುಡಿ ಎಲೆ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಳು. ಕಲ್ಪನಾಳೂ ಕಾಳಿಯೂ ಜೊತೆಗೆ ಬಂದರು. ರೆಸ್ಟೋರೆಂಟಿನ ಮ್ಯಾನೇಜರ್ ರೇಖಾ ಅವರಿಗೆ ಹಳೆಯ ಕಾಲದ ಹಾಗೆ ಮೊಣಕಾಲ ಮೇಲೆ ಸೀರೆ ಕಟ್ಟಲು ಹೇಳಿದಳು. ಕೊರಳಿಗೆ ಕರಿಮಣಿ ಸರ ತಂದು ಹಾಕಿದಳು. ಕಲ್ಪನಾ ಸರ ತೆಗೆದು ಒರಳಿನ ಮೇಲಿಟ್ಟಳು.

“ನಾನು ರಂಡೆ ಹೌದಲ್ರಾ. ಗಂಡ ಎಲ್ಲಿ ಸತ್ತ ಅಂತ ನಿಮ್ಗೆ ಗೊತ್ತಿಲ್ವಾ?”

ರೇಖಾ ಮುಖ ತಿರುಗಿಸಿ ಒಳಗೆ ಹೋದಳು.

ಅವರು ಕುಟ್ಟಿದರು. ಅತಿಥಿಗಳು ಗಾಜಿನ ಬಾಗಿಲು ಸರಿಸಿ ಹೊರಗೆ ಬಂದು ನೋಡಿದರು. ಒಬ್ಬಾಕೆ ಒನಕೆ ಇಸಿದುಕೊಂಡು ಎರಡು ಪೆಟ್ಟು ಹಾಕಿ ಫೋಟೋ ತೆಗೆಸಿಕೊಂಡಳು. ಕೈ ನೋಯುತ್ತದೆ ಎಂದು ನಕ್ಕಳು. ಅವಳಿಗೆ ಒನಕೆ ಕೊಡುವಾಗ ಗಂಗಿಯ ಕೈ ತಾಗಿತು. ಆ ಹೆಂಗಸು ಚೀಲದಿಂದ ಏನೋ ಔಷಧ ತೆಗೆದು ಕೈ ಉಜ್ಜಿಕೊಂಡಳು. ಗಂಗಿ ಅದನ್ನು ನೋಡಿದಳು. ಅವಳ ಕಣ್ಣು ಅಡುಗೆಮನೆಯ ಕಡೆಗಿತ್ತು. ಅನ್ನ ಬೇಯುವ ವಾಸನೆ ಬರುತ್ತಿತ್ತು. ಈಗ ಕರೆಯುತ್ತಾರೆ, ಈಗ ಕರೆಯುತ್ತಾರೆ ಎಂದು ಕಾದಳು.

ಹನ್ನೆರಡೂವರೆಗೆ ಅತಿಥಿಗಳು ಒಳಗೆ ಹೋದರು. ಒಂದಾಯಿತು. ಒಳಗೆ ಚಮಚದ ಸದ್ದು ಕೇಳಿತು. ನಗು ಕೇಳಿತು. ಗಂಗಿ ಎಲೆಯನ್ನು ಎದೆಗೆ ಅವುಚಿಕೊಂಡು ಎದ್ದು ನಿಂತಳು. ಅಡುಗೆಯ ನಾರಾಯಣ ಹಿತ್ತಿಲ ಬಾಗಿಲಿಗೆ ಬಂದ. ಅವನ ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯಲ್ಲಿ ಅನ್ನ.

“ಒಡೇರು ಕೊಟ್ರು,” ಎಂದ. ಅವಳ ಮುಖ ನೋಡಲಿಲ್ಲ.

“ಒಳಗೆ ಉಣ್ತಾ ಇದ್ರಾ?”

ನಾರಾಯಣ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟ. ಅವನೂ ಹೊಳೆಯ ಆಚೆ ದಡದವನು. ಅವನಿಗೆ ಕೇರಿಯ ಪದ್ಧತಿ ಗೊತ್ತಿತ್ತು.

ಗಂಗಿ ಅವನನ್ನು ಭುಜದಿಂದ ಸರಿಸಿ ಬಾಗಿಲು ದಾಟಿದಳು. ಅಡುಗೆಮನೆ ದಾಟಿದಳು. ಹೊಟ್ಟು ಮೆತ್ತಿದ ಮೈ, ಮೊಣಕಾಲ ಮೇಲಿನ ಸೀರೆ, ಕೈಯಲ್ಲಿ ಬಾಳೆ ಎಲೆ. ಆ ಮನೆಯ ಒಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ನೆಲ ತಣ್ಣಗಿತ್ತು.

ಹದಿನಾಲ್ಕು ಮೇಜುಗಳು. ಪ್ರತಿಯೊಬ್ಬರ ಮುಂದೆ ಬಟ್ಟಲಲ್ಲಿ ಕೆಂಪು ಅನ್ನ. ಏಡಿಯ ಸಾರು. ಚಿಪ್ಪು ಒಡೆಯಲು ಒಬ್ಬೊಬ್ಬರಿಗೂ ಒಂದೊಂದು ಮರದ ಕೊಡತಿ. ಬಟ್ಟಲಿನ ಅಡಿಗೆ ದೊಡ್ಡ ಕಾಗದ ಹಾಸಿತ್ತು. ಕಾಗದದಲ್ಲಿ ಒಂದು ಮುಖ ಅಚ್ಚಾಗಿತ್ತು. ಬಾಗಿಲ ಪಕ್ಕದ ಮೇಜಿನಲ್ಲಿ ಕೂತ ಗಂಡಸು ಒಡೆದ ಏಡಿಯ ಚಿಪ್ಪನ್ನು ಆ ಮುಖದ ಮೇಲೆ ರಾಶಿ ಹಾಕಿದ್ದ. ಸಾರಿನ ಬೆರಳನ್ನು ಅದರ ಕೆನ್ನೆಗೆ ಒರೆಸಿದ.

ಗಂಗಿ ಹತ್ತಿರ ಹೋಗಿ ಚಿಪ್ಪನ್ನು ಕೈಯಿಂದ ಬದಿಗೆ ಸರಿಸಿದಳು. ದುರ್ಗ ನಗುತ್ತಿದ್ದ. ಜೂನಿನಲ್ಲಿ ಬಿತ್ತುವ ದಿನ ಫೋಟೋದವನು ಬಂದಿದ್ದ. ತಲೆಯ ಮೇಲೆ ಮೊಳಕೆ ಭತ್ತದ ಬುಟ್ಟಿ, ಮೈತುಂಬ ಕೆಸರು. ಕೆಳಗೆ ಏನೋ ಅಕ್ಷರ. ಅವಳಿಗೆ ಓದು ಬಾರದು. ಅವಳ ಹಿಂದೆಯೇ ಬಂದ ಕಲ್ಪನಾ ಓದಿದಳು.

“ನಮ್ಮ ಅನ್ನದಾತ.” ಮತ್ತೆ ಹುಡುಕಿದಳು. “ಹೆಸರಿಲ್ಲ ಅತ್ತೆ. ಅಷ್ಟೇ ಇದ್ದು.”

ಗಂಗಿ ಆ ಮೇಜಿನಿಂದ ಮುಂದಿನ ಮೇಜಿಗೆ ನೋಡಿದಳು. ಅಲ್ಲಿಯೂ ದುರ್ಗ. ಅದರಾಚೆಯೂ ದುರ್ಗ. ಒಂದು ಕಡೆ ಕಣ್ಣಿನ ಮೇಲೆ ಲೋಟ. ಒಂದು ಕಡೆ ಹಣೆಯ ಮೇಲೆ ಉಗಿದ ಚಿಪ್ಪು. ನಲವತ್ತು ಐವತ್ತು ದುರ್ಗರು ಎಂಜಲಿನ ಕೆಳಗೆ ನಗುತ್ತಿದ್ದರು.

ಅವಳು ಮೊದಲ ಮೇಜಿನ ಬಟ್ಟಲನ್ನು ಕೈಯಿಂದ ತಳ್ಳಿದಳು. ಅದು ನೆಲಕ್ಕೆ ಬಿದ್ದು ಒಡೆಯಿತು. ಆ ಗಂಡಸು ಕುರ್ಚಿಯೊಂದಿಗೆ ಹಿಂದಕ್ಕೆ ಸರಿದು, ಇದೆಂತ ಕಾರ್ಯಕ್ರಮವಾ ಎಂದು ಯಾರನ್ನೋ ಕೇಳಿದ. ಇನ್ನೊಬ್ಬರು ಫೋನು ಎತ್ತಿ ಹಿಡಿದರು.

ಪ್ರಕಾಶ ಬೇಗ ಬೇಗ ಬಂದ. ಮುಖದಲ್ಲಿ ನಗು ಇಟ್ಟುಕೊಂಡೇ ಬಂದ. ಇವಳು ನಮ್ಮ ಗದ್ದೆಯ ಹಿರಿಯಳು, ಸ್ವಲ್ಪ ಭಾವುಕಳಾಗಿದ್ದಾಳೆ ಎಂದು ಅತಿಥಿಗಳಿಗೆ ಹೇಳಿದ. ಆಮೇಲೆ ಬಗ್ಗಿ, ಹಲ್ಲು ಕಚ್ಚಿ, ಅವಳಿಗೆ ಮಾತ್ರ ಕೇಳುವ ಹಾಗೆ ಹೇಳಿದ:

“ಹೊರಗೆ ನಡಿ. ಡಬ್ಬಿ ಕಳಿಸಿದ್ದೆ ಅಲ್ದಾ?”

“ಕರೀರಿ ಅವನ್ನ,” ಎಂದಳು ಗಂಗಿ. “ಎಂಜಲಾದ್ರೂ ಆತು. ಎಡೆ ಬೇಡ. ಹೆಸರು ಹಿಡಿದು ಒಂದ್ಸಲ ಕರೀರಿ. ನೀವು ಇಳಿಸಿದ್ದು ಅಂತ ಇವ್ರಿಗೆ ಹೇಳಿ.”

“ಗಂಗೀ.”

“ಹೇಳಿ ಒಡೇರೆ.”

ಪ್ರಕಾಶ ಮೇಜಿನ ಮೇಲಿದ್ದ ಕಾಗದವನ್ನು ಮುದುಡಲು ಕೈ ಚಾಚಿದ. “ಇದೊಂದು ಪೇಪರು ಮಾರಾಯ್ತಿ, ಬೇಕಾದ್ರೆ ತಕಂಡು ಹೋಗು,” ಎಂದ. ಅವನ ಅಂಗೈ ದುರ್ಗನ ಎದೆಯ ಮೇಲೆ ಒತ್ತಿತ್ತು. ಸರಿಯಾಗಿ ಎದೆಯ ಮೇಲೆ.

ಗಂಗಿ ಕೊಡತಿ ಎತ್ತಿದಳು. ಐವತ್ತು ವರ್ಷ ಒನಕೆ ಹಿಡಿದ ತೋಳು ಅದು. ಮೊದಲ ಪೆಟ್ಟಿಗೇ ಎಲುಬು ಮುರಿದ ಸದ್ದು ಕೇಳಿತು. ಪ್ರಕಾಶ ಕೂಗಿದ. ಕೈ ಎಳೆದುಕೊಳ್ಳುವ ಮೊದಲು ಇನ್ನೊಂದು ಪೆಟ್ಟು ಬಿತ್ತು. ಬೆರಳುಗಳು ಬೇರೆ ಬೇರೆ ದಿಕ್ಕಿಗೆ ತಿರುಗಿದವು. ಮೂರನೆಯದು ಮೇಜಿಗೆ ಬಿತ್ತು. ಕೊಡತಿ ಮುರಿಯಿತು. ಅತಿಥಿಗಳು ಕುರ್ಚಿ ಉರುಳಿಸಿ ಬಾಗಿಲಿಗೆ ನುಗ್ಗಿದರು. ಗಾಜಿಗೆ ಯಾರದೋ ತಲೆ ಬಡಿಯಿತು.

ನಾಗರಾಜ ಹಿಂದಿನಿಂದ ಬಂದು ಅವಳ ಕೂದಲು ಹಿಡಿದ. ನೆಲಕ್ಕೆ ಕೆಡವಿದ. ಬೂಟಿನ ಕಾಲಿನಿಂದ ಪಕ್ಕೆಗೆ ಒದ್ದ. ಮತ್ತೆ ಒದ್ದ. ಒಂದು ಒದೆ ಬಾಯಿಗೆ ಬಿತ್ತು. ಮುಂದಿನ ಎರಡು ಹಲ್ಲು ಹೋದವು. ಕಲ್ಪನಾ ಅವನ ಬೆನ್ನ ಮೇಲೆ ಬಿದ್ದು ಕಿವಿ ಕಚ್ಚಿದಳು. ಕಾಳಿ ಬಿಸಿ ಸಾರಿನ ಪಾತ್ರೆ ತಂದು ಅವನ ಕಾಲಿಗೆ ಸುರಿದಳು. ಅವನು ಅರಚುತ್ತ ಬಿದ್ದ. ನಾರಾಯಣ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಅವನು ಯಾರನ್ನೂ ಬಿಡಿಸಲಿಲ್ಲ.

ಗಂಗಿ ಎದ್ದಳು. ಬಾಯಿಂದ ರಕ್ತ ಇಳಿಯುತ್ತಿತ್ತು. ಒಂದೊಂದೇ ಮೇಜಿಗೆ ಹೋಗಿ ಬಟ್ಟಲು ಸರಿಸಿ, ಕಾಗದ ತೆಗೆದು, ಸೀರೆಯ ಸೆರಗಿನಿಂದ ಒರೆಸಿ ಮಡಚಿದಳು. ಪೊಲೀಸ್ ಜೀಪು ಬರುವಷ್ಟರಲ್ಲಿ ಹನ್ನೊಂದು ಮೇಜು ಮುಗಿದಿದ್ದವು.

ಠಾಣೆಯಲ್ಲಿ ಸಾಹೇಬರು ಮೊದಲು ಅವಳಿಗೆ ನೀರು ಕೊಡಿಸಿದರು. ಒಳ್ಳೆಯ ಮಾತಿನಲ್ಲೇ ಹೇಳಿದರು. ಪ್ರಕಾಶನ ಕೈ ನಾಲ್ಕು ಕಡೆ ಮುರಿದಿದೆ. ಅವನು ಆಸ್ಪತ್ರೆಯಿಂದಲೇ ಫೋನು ಮಾಡಿದ್ದಾನೆ. ಅವನಿಗೆ ಕೇಸು ಬೇಡವಂತೆ. ಅತಿಥಿಗಳಿಗೂ ಬೇಡ. ಮಗ ಸತ್ತ ಮೇಲೆ ಅವಳಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ, ಮಾಡಿದ್ದು ಏನೆಂದು ತಿಳಿಯದೆ ಮಾಡಿದಳು ಎಂದು ಬರೆದು ಹೆಬ್ಬೆಟ್ಟು ಒತ್ತಿಸಿದರೆ ಸಾಕು. ಸಂಜೆಯ ಒಳಗೆ ಮನೆಗೆ ಹೋಗಬಹುದು. ಸೊಸೆಯನ್ನೂ ಕಾಳಿಯನ್ನೂ ಬಿಡುತ್ತಾರೆ. ಕೇಸಾದರೆ ಈ ವಯಸ್ಸಿಗೆ ಜೈಲು. ಕೋರ್ಟಿಗೆ ಅಲೆದಾಟ. ಅಲ್ಲಿ ಎಲ್ಲರನ್ನೂ ನಿಲ್ಲಿಸಿ ಕೇಳುತ್ತಾರೆ.

“ಎಲ್ಲರನ್ನೂ?” ಎಂದಳು ಗಂಗಿ. ಹಲ್ಲಿಲ್ಲದ ಬಾಯಿಗೆ ಮಾತು ಸರಿಯಾಗಿ ಬರಲಿಲ್ಲ. “ಒಡೇರನ್ನೂ ನಿಲ್ಲಿಸ್ತ್ರಾ?”

“ಮತ್ತೆ? ಪೆಟ್ಟು ತಿಂದವ್ನು ಅವ್ನೇ ಅಲ್ವಾ. ಅವಳು ಯಾಕೆ ಹೊಡೆದಳು ಅಂತ ಅವನ್ನೂ ಕೇಳ್ತಾರೆ.”

ಗಂಗಿ ಸೊಸೆಯ ಕಡೆ ನೋಡಿದಳು. ಕಲ್ಪನಾಳ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಅವಳು ತಲೆ ಆಡಿಸಿದಳು. ಗೋಡೆಗೆ ಒರಗಿ ಕೂತಿದ್ದ ಕಾಳಿ, ತನಗಂತೂ ಮನೆಯಲ್ಲಿ ಕಾಯುವವರು ಯಾರೂ ಇಲ್ಲ, ಬೇಕಾದಷ್ಟು ದಿನ ಕೂರುತ್ತೇನೆ ಎಂದಳು.

ಪೇದೆ ಬರೆದ ಹಾಳೆಯನ್ನು ಮುಂದೆ ಚಾಚಿದ. ಮಸಿಯ ಡಬ್ಬಿ ತೆರೆದ. ಗಂಗಿ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡಳು.

“ನಂಗೆ ಬುದ್ಧಿ ಇದ್ದು,” ಎಂದಳು. “ಬುದ್ಧಿ ಇಟ್ಕಂಡೇ ಹೊಡೆದೆ. ಎರಡು ಸಲ ಹೊಡೆದೆ. ಮೂರನೇದು ತಪ್ಪಿತು. ಹಾಗೇ ಬರೀರಿ.”

ಸಾಹೇಬರು ಎದ್ದು ನಿಂತರು. ಯೋಚನೆ ಮಾಡು ಎಂದರು. ಹೊರಗೆ ಹೋಗಿ ಒಂದು ಫೋನು ಮಾಡಿ ಬಂದರು. ಅವಳು ಅಲ್ಲಿಯೇ ಇದ್ದಳು. ಕೈಗಳೂ ಅಲ್ಲಿಯೇ ಇದ್ದವು. ಕೊನೆಗೆ ಅವರು ಪೇದೆಗೆ ಬೇರೆ ಹಾಳೆ ತೆಗೆಯಲು ಹೇಳಿದರು.

“ಎಲ್ಲಿಂದ ಬರೀಲಿ?” ಎಂದ ಪೇದೆ.

“ಆಗಸ್ಟಿಂದ ಬರೀರಿ,” ಎಂದಳು ಗಂಗಿ. “ಮಳೆ ಬರ್ತಾ ಇತ್ತು.”

ಪೇದೆ ಪೆನ್ನು ಎತ್ತಿ ಸಾಹೇಬರ ಮುಖ ನೋಡಿದ. ಗಂಗಿ ಮಾತು ನಿಲ್ಲಿಸಿದಳು. ಅವನು ಬರೆಯತೊಡಗಿದ ಮೇಲೆ ಮುಂದೆ ಹೇಳಿದಳು. ಅವನು ನಿಲ್ಲಿಸಿದಾಗಲೆಲ್ಲ ಅವಳೂ ನಿಲ್ಲಿಸಿದಳು. ನಡುವೆ ಬಾಯಿ ತುಂಬ ರಕ್ತ ಬಂತು. ಉಗುಳಲು ಎದ್ದುಹೋದರೆ ಅವನು ಪೆನ್ನು ಮುಚ್ಚಿಬಿಡುತ್ತಾನೆಂದು ಅವಳಿಗೆ ಅನಿಸಿತು. ನುಂಗಿಕೊಂಡಳು. ಮುಂದಿನ ಮಾತು ಹೇಳಿದಳು.